ತೋಟದ 19:19:19 ಗೊಬ್ಬರ ಮೀನಿನ ಟ್ಯಾಂಕಿಗೆ ಹಾಕಿದೆ. ಮೂರು ವಾರ ಏನೂ ಆಗಲಿಲ್ಲ, ನೀರು ಬದಲಿಸಿದ ರಾತ್ರಿ ಮೀನು ಸತ್ತವು. ಯಾರದ್ದು ತಪ್ಪು?

ಕೊಪ್ಪದ_ಹುಡುಗ
ಮಾರ್ಚ್ 11, ರಾತ್ರಿ 9:40

ಮನೆಯಲ್ಲಿ ಮೂರು ದಿನದಿಂದ ಜಗಳ. ನೀವೇ ತೀರ್ಮಾನ ಹೇಳಿ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಮರಳು ಕಳೆದರೆ 50 ಲೀಟರ್ ನೀರು. 14 ಗಪ್ಪಿ, 6 ನಿಯಾನ್ ಟೆಟ್ರಾ, ಒಂದು ಸಕ್ಕರ್. ಗಿಡದಲ್ಲಿ ವ್ಯಾಲಿಸ್ನೇರಿಯಾ, ಎರಡು ಅಮೆಜಾನ್ ಸ್ವೋರ್ಡ್, ಕೆರೆಯಿಂದ ತಂದ ಹೈಡ್ರಿಲ್ಲಾ. ಜನವರಿ ಹೊತ್ತಿಗೆ ಸ್ವೋರ್ಡ್‌ನ ಹಳೆ ಎಲೆ ಹಳದಿಯಾಗಿ, ಸೂಜಿ ಚುಚ್ಚಿದ ಹಾಗೆ ತೂತು ಬಿತ್ತು. ಅಂಗಡಿಯಲ್ಲಿ ಅಕ್ವೇರಿಯಂ ಗಿಡದ ಗೊಬ್ಬರ ಕೇಳಿದರೆ ಹೆಬ್ಬೆರಳಿನಷ್ಟು ಬಾಟಲಿಗೆ ಒಂದಾಳಿನ ಕೂಲಿ ಹೇಳಿದರು. ಮನೆಗೆ ಬಂದು ನೋಡಿದರೆ ಅಟ್ಟದ ಮೇಲೆ ಸ್ಪ್ರೇಗೆ ತಂದ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ನೂರಕ್ಕೆ 19ರಂತೆ ಇರುವ ಗೊಬ್ಬರ) ಅರ್ಧ ಪ್ಯಾಕೆಟ್ ಇದೆ! ಗೊಬ್ಬರ ಅಂದರೆ ಗೊಬ್ಬರ ಅಂತ ಭಾನುವಾರಕ್ಕೆ ಅರ್ಧ ಟೀ ಚಮಚ ಕರಗಿಸಿ ಹಾಕಿದೆ. ಮೂರು ಭಾನುವಾರ.

ಗಿಡ ನೋಡಬೇಕಿತ್ತು ನೀವು. ವ್ಯಾಲಿಸ್ನೇರಿಯಾ ನೀರಿನ ಮೇಲೆ ಮಲಗುವಷ್ಟು ಉದ್ದ ಬಂತು. ಮೀನಿಗೂ ಏನೂ ಆಗಲಿಲ್ಲ. ಗಪ್ಪಿ ಮರಿ ಕೂಡ ಹಾಕಿತು.

ನಾವು ಯಾವಾಗಲೂ ಟ್ಯಾಂಕಿಗೆ ಹಾಕುವುದು ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರು. ಈ ಸಲ ಬೇಗ ಬತ್ತಿತು. 8ನೇ ತಾರೀಕು ಸಂಜೆ ಅರ್ಧ ನೀರು ತೆಗೆದು ಬೋರ್‌ವೆಲ್ ನೀರು ತುಂಬಿದೆ. ರಾತ್ರಿ ಹತ್ತಕ್ಕೆ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬೆಳಿಗ್ಗೆ ಆರೂ ಟೆಟ್ರಾ ಹೋಗಿದ್ದವು, ಗಪ್ಪಿಯಲ್ಲಿ ಮೂರು ಉಳಿದಿದ್ದವು. ಕಿವಿರು ಕೆಂಪಗೆ ಸುಟ್ಟ ಹಾಗಿತ್ತು.

ಅಪ್ಪ "ತೋಟದ ಗೊಬ್ಬರ ತಂದು ಮೀನಿಗೆ ಹಾಕಿದ್ದೀಯ, ಮತ್ತೇನಾಗುತ್ತೆ" ಅನ್ನುತ್ತಾರೆ. ನಾನು ಬೋರ್ ನೀರಿನದ್ದೇ ತಪ್ಪು ಅನ್ನುತ್ತೇನೆ. ಗೊಬ್ಬರದ್ದಾದರೆ ಮೂರು ವಾರ ಮೊದಲೇ ಸಾಯಬೇಕಿತ್ತಲ್ವಾ?

ಗಪ್ಪಿ_ಗೌಡ್ರು
ಮಾರ್ಚ್ 11, ರಾತ್ರಿ 9:52

ನಿಮ್ಮ ಅಪ್ಪ ಗೆದ್ದರು. ಮುಂದಿನ ಪ್ರಶ್ನೆ.

ಯಗಚಿ_ದಂಡೆ
ಮಾರ್ಚ್ 11, ರಾತ್ರಿ 9:58

ಕ್ಲೋರಿನ್. ಹೊಸ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಇಟ್ಟಿರಾ? ನಾವು ಚಿಕ್ಕಮಗಳೂರಲ್ಲಿ ನಲ್ಲಿ ನೀರನ್ನು ರಾತ್ರಿಯಿಡೀ ಬಾಯಿ ತೆರೆದು ಇಟ್ಟೇ ಹಾಕುವುದು. ಒಂದ್ಸಲ ಅವಸರ ಮಾಡಿ ಏಂಜಲ್ ಮೀನಿನ ಜೋಡಿ ಕಳೆದುಕೊಂಡೆ.

ಕೊಪ್ಪದ_ಹುಡುಗ
ಮಾರ್ಚ್ 11, ರಾತ್ರಿ 10:03

ನಮ್ಮ ತೋಟದ ಬೋರ್‌ಗೆ ಕ್ಲೋರಿನ್ ಯಾರು ಹಾಕುತ್ತಾರೆ ಮಾರಾಯ್ರೆ. ನೆಲದಿಂದ ನೇರ ಬಂದದ್ದು.

ಯಗಚಿ_ದಂಡೆ
ಮಾರ್ಚ್ 11, ರಾತ್ರಿ 10:04

ಓ ಬೋರಾ. ಸರಿಯಾಗಿ ಓದಲಿಲ್ಲ, ಕ್ಷಮಿಸಿ.

ಸಕಲೇಶಪುರ_ಮಳೆ
ಮಾರ್ಚ್ 11, ರಾತ್ರಿ 10:20

ಬಕೆಟ್ ಯಾವುದು ಅಂತ ಮೊದಲು ಹೇಳಿ. ಸುಮ್ನೆ ಕೇಳುತ್ತಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮನೆಯ ನೀಲಿ ಬಕೆಟ್‌ನಲ್ಲಿ ನೀರು ತುಂಬಿ ಟ್ಯಾಂಕಿಗೆ ಹಾಕಿದೆ. ಎರಡು ದಿನದಲ್ಲಿ ಸೀಗಡಿ ಒಂದೂ ಉಳಿಯಲಿಲ್ಲ, ಬಸವನಹುಳ ಎಲ್ಲ ಚಿಪ್ಪಿನೊಳಗೆ ಮುದುಡಿ ತಳಕ್ಕೆ ಬಿದ್ದವು. ಮೀನಿಗೆ ಮಾತ್ರ ಏನೂ ಇಲ್ಲ. ವಾರ ತಲೆ ಕೆಡಿಸಿಕೊಂಡೆ. ಆಮೇಲೆ ನೋಡಿದರೆ ಬಕೆಟ್‌ನ ಹಿಡಿಯ ಸಂದಿಯಲ್ಲಿ ನೀಲಿ ಹರಳು! ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಹೊಡೆಯುವ ಬೋರ್ಡೋ ಔಷಧಿ ಕಲಸಲು ಮೈಲುತುತ್ತ ನೆನೆಸಿಟ್ಟ ಬಕೆಟ್ ಅದು. ಮೈಲುತುತ್ತದಲ್ಲಿ ಇರುವುದು ತಾಮ್ರ, ಅದು ಎಳ್ಳಷ್ಟು ಇದ್ದರೂ ಸೀಗಡಿ, ಬಸವನಹುಳ ತಡೆಯುವುದಿಲ್ಲ.

ಅಡಿಕೆ, ಕಾಫಿ ಇರುವ ಮನೆಯಲ್ಲಿ ಮೀನಿಗೆ ಬೇರೆ ಬಕೆಟ್ ಇಡಲೇಬೇಕು. ನಾನು ನಮ್ಮದಕ್ಕೆ ಕೆಂಪು ಪೇಂಟಲ್ಲಿ ಮೀನು ಬರೆದಿದ್ದೇನೆ. ನಮ್ಮ ಆಳು ಅದನ್ನು ನೋಡಿ ಮೀನು ತೊಳೆಯುವ ಬಕೆಟ್ ಅಂದುಕೊಂಡು ಬಂಗಡೆ ತೊಳೆದ. ಅದು ಬೇರೆ ಕತೆ.

ಕೊಪ್ಪದ_ಹುಡುಗ
ಮಾರ್ಚ್ 11, ರಾತ್ರಿ 10:31

ಹಹ್ಹಾ. ನನ್ನದು ಹೊಸ ಬಕೆಟ್ ಅಣ್ಣ, ಟ್ಯಾಂಕಿಗೆ ಅಂತಲೇ ತಂದದ್ದು. ಮತ್ತೆ ನನ್ನ ಬಸವನಹುಳ ಬದುಕಿವೆ, ಸತ್ತದ್ದು ಮೀನು. ನಿಮ್ಮದಕ್ಕೆ ಉಲ್ಟಾ.

ಗಪ್ಪಿ_ಗೌಡ್ರು
ಮಾರ್ಚ್ 11, ರಾತ್ರಿ 10:40

ಬೋರ್ ನೀರು ಗಡಸು. ಅಬ್ಬಿ ನೀರು ಮೆದು. ಮೆದು ನೀರಲ್ಲಿದ್ದ ಮೀನಿಗೆ ಒಂದೇ ಸಲ ಗಡಸು ನೀರು ಸುರಿದರೆ ಶಾಕ್ ಹೊಡೆದು ಸಾಯುತ್ತವೆ. ಗೊಬ್ಬರ ಮೊದಲೇ ಮೈ ಹಾಳು ಮಾಡಿತ್ತು, ನೀರು ಮುಗಿಸಿತು. ನಿಮ್ಮ ಅಪ್ಪನೂ ಗೆದ್ದರು, ನೀವೂ ಗೆದ್ದಿರಿ. ಮಲಗಿ.

ಪಾಚಿ_ಪುರಾಣ
ಮಾರ್ಚ್ 11, ರಾತ್ರಿ 11:15

ಗೌಡ್ರೆ, ಟೆಟ್ರಾ ಸತ್ತದ್ದಕ್ಕೆ ನಿಮ್ಮ ಮಾತು ಒಪ್ಪಬಹುದು. ಆದರೆ ಗಪ್ಪಿ? ಗಪ್ಪಿಗೆ ಗಡಸು ನೀರೇ ಇಷ್ಟ. ನಿಮ್ಮ ಹಾಸನದ ಕಡೆ ಬೋರ್ ನೀರಲ್ಲಿ ಅವು ಇರುವೆ ಹಾಗೆ ಹೆಚ್ಚುತ್ತವೆ ಅಂತ ಇಲ್ಲೇ ನೀವೇ ಬರೆದಿದ್ದೀರಿ. 11 ಗಪ್ಪಿ ಒಂದು ರಾತ್ರಿಯಲ್ಲಿ ಗಡಸು ನೀರಿಗೆ ಸತ್ತವು ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಇನ್ನೊಂದು ಮಾತು. "ತೋಟದ ಗೊಬ್ಬರ" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನಾನು ಆರು ವರ್ಷದಿಂದ ಟ್ಯಾಂಕಿಗೆ ತೋಟದ ಗೊಬ್ಬರವನ್ನೇ ಹಾಕುತ್ತಿದ್ದೇನೆ. ಅಂಗಡಿಯ ಬಾಟಲಿ ಕೊಂಡದ್ದೇ ಇಲ್ಲ. ಆದರೆ 19:19:19 ಯಾವತ್ತೂ ಹಾಕಿಲ್ಲ.

ಮಣ್ಣು_ಮೇಡಂ
ಮಾರ್ಚ್ 12, ಬೆಳಿಗ್ಗೆ 6:50

ಕೃಷಿ ಓದಿದವಳು, ಮೀನಿನ ಹುಚ್ಚು ಗಂಡನದ್ದು. ಹಾಗಾಗಿ ಎರಡೂ ಕಡೆಯ ಮಾತು ಸ್ವಲ್ಪ ಗೊತ್ತು.

ಕೊಪ್ಪದವರೇ, ಆ ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿ. ಮುಂದೆ 19 ಅಂತ ದಪ್ಪಗೆ ಇರುವ ಸಾರಜನಕ ಹಿಂದೆ ಮೂರು ಪಾಲಾಗಿರುತ್ತದೆ. ಸಾಮಾನ್ಯವಾಗಿ ನೈಟ್ರೇಟ್ ರೂಪದಲ್ಲಿ 4, ಅಮೋನಿಯಾ ರೂಪದಲ್ಲಿ 4.5, ಯೂರಿಯಾ ರೂಪದಲ್ಲಿ 10.5. ಅಂದರೆ 19ರಲ್ಲಿ 15 ಪಾಲು ಒಂದೋ ಈಗಲೇ ಅಮೋನಿಯಾ, ಇಲ್ಲಾ ನಾಲ್ಕು ದಿನ ಬಿಟ್ಟು ಅಮೋನಿಯಾ. ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದರೆ ಬರುವುದು ಅದೇ.

ಅರ್ಧ ಟೀ ಚಮಚ ಎರಡೂವರೆ ಗ್ರಾಂ ಅಂತ ಇಟ್ಟುಕೊಳ್ಳೋಣ. ಮೂರು ಸಲಕ್ಕೆ ಏಳೂವರೆ ಗ್ರಾಂ. ಅದರಲ್ಲಿ ನೂರಕ್ಕೆ 15ರಷ್ಟಿರುವ ಈ ಅಮೋನಿಯಾ ಪಾಲನ್ನು 50 ಲೀಟರಿಗೆ ಹಂಚಿದರೆ ಲೀಟರಿಗೆ 20 ಮಿಲಿಗ್ರಾಂ ದಾಟುತ್ತದೆ. ಗಿಡ ಒಂದಷ್ಟು ತಿಂದಿರುತ್ತದೆ, ಅದಕ್ಕೇ ವ್ಯಾಲಿಸ್ನೇರಿಯಾ ಮಲಗಿದ್ದು. ಉಳಿದದ್ದು ನೀರಲ್ಲೇ ಇತ್ತು.

ಹಾಗಾದರೆ ಮೂರು ವಾರ ಯಾಕೆ ಸಾಯಲಿಲ್ಲ? ನಿಮ್ಮ ಅಪ್ಪನಿಗೆ ಒಂದು ಪ್ರಶ್ನೆ ಕೇಳಿ: ತೋಟಕ್ಕೆ ಸುಣ್ಣ ಹಾಕಿದ ಕೂಡಲೇ ಯೂರಿಯಾ, ಡಿಎಪಿ ಹಾಕುತ್ತೀರಾ? ಹಾಕುವುದಿಲ್ಲ. ನಡುವೆ ಕೆಲವು ವಾರ ಬಿಡುತ್ತಾರೆ. ಯಾಕೆ? ಸುಣ್ಣ ಸೇರಿದರೆ ಗೊಬ್ಬರದ ಅಮೋನಿಯಾ ಗಾಳಿಯಾಗಿ ಹಾರಿಹೋಗುತ್ತದೆ, ದುಡ್ಡು ದಂಡ. ಡಿಎಪಿ ಕಾಳಿನ ಜೊತೆ ಸುಣ್ಣ ಬೆರೆಸಿ ಒಂದು ಹನಿ ನೀರು ಹಾಕಿ ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ಮೂಗಿಗೆ ಹೊಡೆಯುತ್ತದೆ.

ಟ್ಯಾಂಕಲ್ಲೂ ಆದದ್ದು ಅದೇ. ಹುಳಿ ನೀರಲ್ಲಿ ಅಮೋನಿಯಾ "ಅಮೋನಿಯಂ" ಆಗಿ ಕಟ್ಟಿಹಾಕಿಕೊಂಡು ಸುಮ್ಮನಿರುತ್ತದೆ, ಮೀನಿಗೆ ಹೆಚ್ಚು ಕಾಟ ಕೊಡುವುದಿಲ್ಲ. ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಕೆಳಗಿದ್ದರೆ ಹುಳಿ) 6 ಇದ್ದರೆ ಸಾವಿರದಲ್ಲಿ ಒಂದು ಪಾಲೂ ವಿಷವಲ್ಲ. 7ಕ್ಕೆ ಬಂದರೆ ಸಾವಿರಕ್ಕೆ ಆರರಷ್ಟು. 8 ಆದರೆ ನೂರಕ್ಕೆ ಐದು! ಒಂದೊಂದು ಮೆಟ್ಟಿಲಿಗೂ ಸುಮಾರು ಹತ್ತು ಪಟ್ಟು. ಅಬ್ಬಿ ನೀರು ಗುಡ್ಡದ ಕೆಂಪು ಮಣ್ಣಿನಲ್ಲಿ ಇಳಿದು ಬಂದದ್ದು, ಸ್ವಲ್ಪ ಹುಳಿ. ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಶಕ್ತಿ ಇಲ್ಲ. ಬೋರ್ ನೀರಲ್ಲಿ ಸುಣ್ಣದ ಅಂಶ ಇರುತ್ತದೆ. ಎರಡನ್ನೂ ಸಮ ಬೆರೆಸಿದರೆ ಬೋರ್ ನೀರೇ ಗೆಲ್ಲುತ್ತದೆ. ನೀವು ಗೊಬ್ಬರವನ್ನು ಅರ್ಧಕ್ಕೆ ಇಳಿಸಿದಿರಿ, ವಿಷವನ್ನು ಹತ್ತಾರು ಪಟ್ಟು ಏರಿಸಿದಿರಿ.

ಇನ್ನೊಂದು ವಿಷಯ. ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾ ತಿನ್ನಬೇಕಿತ್ತಲ್ಲ ಅಂತ ಕೇಳಬಹುದು. ಹುಳಿ ನೀರಲ್ಲಿ ಅವು ಮಂಕಾಗುತ್ತವೆ. ಪಿಎಚ್ 6ರ ಕೆಳಗೆ ಹೆಚ್ಚುಕಡಿಮೆ ಮಲಗಿಬಿಡುತ್ತವೆ. ಹಾಗಾಗಿ ಮೂರು ವಾರ ಸೇರುತ್ತಾ ಹೋಯಿತು.

ಇದೆಲ್ಲ ನನ್ನ ಊಹೆ. ಹಳೆ ನೀರು ಚೆಲ್ಲಿಬಿಟ್ಟಿರಾ?

ಗಪ್ಪಿ_ಗೌಡ್ರು
ಮಾರ್ಚ್ 12, ಬೆಳಿಗ್ಗೆ 8:10

ಮೇಡಂ, ಊಹೆ ಚೆನ್ನಾಗಿದೆ. ಆದರೆ ಒಂದೇ ರಾತ್ರಿಯಲ್ಲಿ ಪಿಎಚ್ 6ರಿಂದ 8ಕ್ಕೆ ಏರಿದರೆ ಅದೇ ಒಂದು ಶಾಕ್ ಅಲ್ವಾ? ಅಮೋನಿಯಾ ಯಾಕೆ ಬೇಕು ನಡುವೆ?

ಮಣ್ಣು_ಮೇಡಂ
ಮಾರ್ಚ್ 12, ಬೆಳಿಗ್ಗೆ 8:25

ಕಿವಿರು ಸುಟ್ಟ ಹಾಗೆ ಕೆಂಪಾಗಿತ್ತು ಅಂತ ಬರೆದಿದ್ದಾರೆ. ಮೇಲೆ ಬಂದು ಬಾಯಿ ಬಿಟ್ಟವು ಅಂತಲೂ ಇದೆ. ಅದು ಅಮೋನಿಯಾದ ಗುರುತು. ಆದರೂ ನಿಮ್ಮದು ಪೂರ್ತಿ ತಪ್ಪು ಅನ್ನುವುದಿಲ್ಲ ಗೌಡ್ರೆ, ಎರಡೂ ಸೇರಿರಬಹುದು.

ಅರಸೀಕೆರೆ_ತೆಂಗು
ಮಾರ್ಚ್ 12, ಬೆಳಿಗ್ಗೆ 9:05

ಒಂದು ಸಂಶಯ. ಭತ್ತದ ಗದ್ದೆಗೆ ಯೂರಿಯಾ ಮೂಟೆಗಟ್ಟಲೆ ಹಾಕುತ್ತಾರೆ. ಅದೇ ಗದ್ದೆಯಲ್ಲಿ ಮೀನು, ಏಡಿ, ಕಪ್ಪೆ ಎಲ್ಲ ಓಡಾಡುತ್ತವಲ್ಲ? ಅವು ಯಾಕೆ ಸಾಯುವುದಿಲ್ಲ? ಓದಿದವರು ಸುಮ್ನೆ ಹೆದರಿಸಬೇಡಿ.

ಮಣ್ಣು_ಮೇಡಂ
ಮಾರ್ಚ್ 12, ಮಧ್ಯಾಹ್ನ 1:30

ಸರ್, ಗದ್ದೆಯಲ್ಲಿ ಕೆಳಗೆ ಕೆಸರು ಇದೆ. ಮಣ್ಣಿನ ಜೇಡಿ ಅಮೋನಿಯಂ ಹಿಡಿದಿಟ್ಟುಕೊಳ್ಳುತ್ತದೆ, ಸಾವಿರಾರು ಬೇರು ಹೀರುತ್ತವೆ. ಗಾಜಿನ ಟ್ಯಾಂಕಲ್ಲಿ ತೊಳೆದ ಮರಳು, ಎರಡು ಗಿಡ. ಎಲ್ಲಿಗೆ ಹೋಗಬೇಕು ಅದು?

ಅಷ್ಟಿದ್ದೂ ಗದ್ದೆಯಲ್ಲಿ ಗೊಬ್ಬರ ನಷ್ಟವಾಗುವುದು ಇದೇ ದಾರಿಯಲ್ಲಿ. ನಿಂತ ನೀರಲ್ಲಿ ಪಾಚಿ ಇದ್ದರೆ ನಡು ಮಧ್ಯಾಹ್ನ ಬಿಸಿಲಿಗೆ ಅದು ನೀರಿನ ಇಂಗಾಲದ ಡೈಆಕ್ಸೈಡ್ ಎಲ್ಲ ಹೀರಿ ಪಿಎಚ್ ಏರಿಸುತ್ತದೆ. ಆಗ ಮೇಲೆ ಎರಚಿದ ಯೂರಿಯಾದ ಅಮೋನಿಯಾ ಹಾರಿಹೋಗುತ್ತದೆ. ಲೈಟ್ ಜಾಸ್ತಿ ಇರುವ ಟ್ಯಾಂಕಲ್ಲೂ ಸಂಜೆ ಹೊತ್ತಿಗೆ ಪಿಎಚ್ ಏರಿರುತ್ತದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆದು ನೋಡಿ.

ಅರಸೀಕೆರೆ_ತೆಂಗು
ಮಾರ್ಚ್ 12, ಮಧ್ಯಾಹ್ನ 1:41

ಇದು ಒಪ್ಪುವ ಮಾತು.

ಕೊಪ್ಪದ_ಹುಡುಗ
ಮಾರ್ಚ್ 13, ರಾತ್ರಿ 8:20

ಮೇಡಂ, ಹಳೆ ನೀರು ಇದೆ! ಅಮ್ಮ ಟ್ಯಾಂಕಿನ ನೀರು ಚೆಲ್ಲಲು ಬಿಡುವುದಿಲ್ಲ, ಅಂಥೂರಿಯಂಗೆ ಬೇಕು ಅಂತ ಹಿತ್ತಲಲ್ಲಿ ಒಂದು ಬಕೆಟ್ ಎತ್ತಿಟ್ಟಿದ್ದರು. ಅರ್ಧ ಖರ್ಚಾಗಿದೆ, ಅರ್ಧ ಉಳಿದಿದೆ.

ಬಾಳೆಹೊನ್ನೂರಿನ ಸ್ನೇಹಿತನ ಹತ್ತಿರ ಹನಿ ಹಾಕುವ ಟೆಸ್ಟ್ ಕಿಟ್ ಇತ್ತು, ಇವತ್ತು ಹೋಗಿ ತಂದೆ. ಪಿಎಚ್ ಮೊದಲು ನೋಡಿದೆ. ಬಕೆಟ್ ನೀರು 6, ಬಣ್ಣದ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ ಇಲ್ಲ. ಬೋರ್ ನೀರು 8. ಈಗ ಟ್ಯಾಂಕಲ್ಲಿರುವುದು 7.8ರ ಹತ್ತಿರ.

ಆಮೇಲೆ ಅಮೋನಿಯಾ. ಗಾಜಿನ ಕೊಳವೆಗೆ ಐದು ಮಿಲಿ ಬಕೆಟ್ ನೀರು, ಎರಡೂ ಬಾಟಲಿಯಿಂದ ಎಂಟೆಂಟು ಹನಿ. ಐದು ನಿಮಿಷ ಕಾಯಬೇಕು ಅಂತ ಬರೆದಿದೆ. ಒಂದು ನಿಮಿಷಕ್ಕೇ ಹಸಿರಾಯಿತು. ಐದು ನಿಮಿಷಕ್ಕೆ ಎಲ್ಲೆ ಮೀರಿದ ಕಡು ಹಸಿರು, ಪಟ್ಟಿಯ ಕೊನೆಯ ಬಣ್ಣ ಲೀಟರಿಗೆ 8 ಮಿಲಿಗ್ರಾಂ, ಇದು ಅದಕ್ಕಿಂತ ಗಾಢ. ಸ್ನೇಹಿತ ಹೇಳಿದ ಹಾಗೆ ಒಂದು ಪಾಲು ಬಕೆಟ್ ನೀರಿಗೆ ನಾಲ್ಕು ಪಾಲು ಕುಡಿಯುವ ನೀರು ಸೇರಿಸಿ ಮತ್ತೆ ಮಾಡಿದೆ. 2 ಮತ್ತು 4ರ ನಡುವಿನ ಬಣ್ಣ ಬಂತು. ಐದರಿಂದ ಗುಣಿಸಿದರೆ 10ರಿಂದ 20ರ ನಡುವೆ ಎಲ್ಲೋ ಇದೆ.

ಅಪ್ಪನಿಗೆ ಕೊಳವೆ ತೋರಿಸಿದೆ. ಸುಣ್ಣದ ಮಾತು ಹೇಳಿದ್ದೇ ತಡ, "ಅದನ್ನು ಮೊದಲೇ ಹೇಳಬಾರದಾ, ಸುಣ್ಣ ಹಾಕಿದ ಮೇಲೆ ಯೂರಿಯಾ ಯಾರಾದರೂ ಹಾಕುತ್ತಾರಾ" ಅಂದರು. ಏನೋ ನಾನೇ ತೋಟಕ್ಕೆ ಹಾಕಿದ ಹಾಗೆ.

ಗಪ್ಪಿ_ಗೌಡ್ರು
ಮಾರ್ಚ್ 13, ರಾತ್ರಿ 8:34

ಸರಿ ಸರಿ. ಮುಕ್ಕಾಲು ಅಮೋನಿಯಾ, ಕಾಲು ಶಾಕ್. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಮಣ್ಣು_ಮೇಡಂ
ಮಾರ್ಚ್ 13, ರಾತ್ರಿ 8:50

ಇಷ್ಟು ಚಂದದ ಪುರಾವೆ ನಮ್ಮ ಲ್ಯಾಬ್‌ನಲ್ಲೂ ಸಿಕ್ಕಿರಲಿಲ್ಲ! ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ.

ಉಳಿದ ಮೂರು ಗಪ್ಪಿಯನ್ನು ಮೊದಲು ಬೇರೆ ನೀರಿಗೆ ಹಾಕಿ. ಪೂರ್ತಿ ಬೋರ್ ನೀರೇ ಇರಲಿ, ಗೊಬ್ಬರ ಸೋಕದ ಬಕೆಟ್. ಈಗಿನ ಟ್ಯಾಂಕಲ್ಲಿ ಅಮೋನಿಯಾ ಇನ್ನೂ ಇರುತ್ತದೆ.

ನವಿಲೇ_ಬಂತು
ಮಾರ್ಚ್ 13, ರಾತ್ರಿ 9:15

ರಾಸಾಯನಿಕ ಬಿಡಿ, ಸಾವಯವ ಮಾಡಿ. ಎರೆಗೊಬ್ಬರದ ನೀರು, ಜೀವಾಮೃತ ಎರಡು ಚಮಚ. ನಮ್ಮ ತೋಟದಲ್ಲಿ ಮೂರು ವರ್ಷದಿಂದ ಬೇರೆ ಏನೂ ಹಾಕಿಲ್ಲ.

ಪಾಚಿ_ಪುರಾಣ
ಮಾರ್ಚ್ 13, ರಾತ್ರಿ 9:22

ಸಗಣಿ, ಗಂಜಳ, ಬೆಲ್ಲ, ಕಡಲೆಹಿಟ್ಟು ಮೀನಿನ ನೀರಿಗೆ? ರಾತ್ರಿ ಹಾಕಿದರೆ ಬೆಳಗಾಗುವ ಹೊತ್ತಿಗೆ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಪೂರ್ತಿ ಕುಡಿದಿರುತ್ತವೆ. ಗಂಜಳದಲ್ಲಿ ಇರುವುದೂ ಯೂರಿಯಾನೇ ಅಣ್ಣ. ಕೊಟ್ಟಿಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವುದು ಮತ್ತೇನು?

ನವಿಲೇ_ಬಂತು
ಮಾರ್ಚ್ 13, ರಾತ್ರಿ 9:24

ತೋಟಕ್ಕೆ ಒಳ್ಳೆಯದು ಅಂತ ಮಾತ್ರ ಹೇಳಿದ್ದು.

ಸಕಲೇಶಪುರ_ಮಳೆ
ಮಾರ್ಚ್ 13, ರಾತ್ರಿ 9:25

ಹೇಳಿದ್ದು "ಎರಡು ಚಮಚ" 😄

ಯಗಚಿ_ದಂಡೆ
ಮಾರ್ಚ್ 14, ಬೆಳಿಗ್ಗೆ 7:30

ಪಾಚಿ ಅವರೇ, ಆರು ವರ್ಷದಿಂದ ತೋಟದ ಗೊಬ್ಬರ ಹಾಕುತ್ತಿದ್ದೇನೆ ಅಂದಿರಿ. ಯಾವುದು, ಎಷ್ಟು ಅಂತ ಹೇಳದೆ ಹೋದಿರಲ್ಲ. ಮುಖ್ಯವಾದದ್ದೇ ಬಿಟ್ಟಿರಿ.

ಪಾಚಿ_ಪುರಾಣ
ಮಾರ್ಚ್ 14, ಮಧ್ಯಾಹ್ನ 12:10

ಯಾರೂ ಕೇಳಲಿಲ್ಲ, ಎಲ್ಲರೂ ಶವಪರೀಕ್ಷೆಯಲ್ಲಿ ಇದ್ದಿರಿ.

ನಾನು ಹಾಕುವುದು ಎರಡೇ ಮುಖ್ಯ. ಒಂದು 13:0:45. ಇದು ಪೊಟ್ಯಾಶಿಯಂ ನೈಟ್ರೇಟ್, ಸಾರಜನಕ ಪೂರ್ತಿ ನೈಟ್ರೇಟ್ ರೂಪದಲ್ಲೇ ಇದೆ, ಅಮೋನಿಯಾ ಇಲ್ಲ, ಯೂರಿಯಾ ಇಲ್ಲ. ಎರಡನೆಯದು 0:52:34, ಅಂದರೆ ಮೋನೋ ಪೊಟ್ಯಾಶಿಯಂ ಫಾಸ್ಫೇಟ್. ಎರಡೂ ಹನಿ ನೀರಾವರಿಗೆ, ಸ್ಪ್ರೇಗೆ ಅಂತ ಗೊಬ್ಬರದ ಅಂಗಡಿಯಲ್ಲಿ ಕಿಲೋ ಪ್ಯಾಕೆಟ್ ಸಿಗುತ್ತವೆ. ಒಂದು ಕಿಲೋ ತಂದರೆ ಮೊಮ್ಮಕ್ಕಳವರೆಗೂ ಬರುತ್ತದೆ. ನಾನೂ ಇನ್ನೊಬ್ಬರೂ ಅರ್ಧರ್ಧ ಹಂಚಿಕೊಂಡೆವು, ಆರು ವರ್ಷವಾದರೂ ಡಬ್ಬ ಖಾಲಿಯಾಗಿಲ್ಲ.

ಚಮಚದಲ್ಲಿ ಅಳೆಯಬೇಡಿ, ತಪ್ಪು ಆಗುವುದೇ ಅಲ್ಲಿ. 50 ಗ್ರಾಂ 13:0:45 ತೂಗಿ ನೀರಲ್ಲಿ ಕರಗಿಸಿ ಒಟ್ಟು ಅರ್ಧ ಲೀಟರ್ ಮಾಡಿಟ್ಟುಕೊಳ್ಳಿ. ಅದರಲ್ಲಿ 10 ಮಿಲಿ ತೆಗೆದರೆ ಒಂದು ಗ್ರಾಂ. ಕೊಪ್ಪದವರ 50 ಲೀಟರಿಗೆ ಆ ಒಂದು ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ 12 ಮಿಲಿಗ್ರಾಂ ಏರುತ್ತದೆ, ಪೊಟ್ಯಾಷ್ 8ರ ಹತ್ತಿರ. ಸಾಮಾನ್ಯ ಲೈಟಿನ ಟ್ಯಾಂಕಿಗೆ ವಾರಕ್ಕೆ ಅಷ್ಟು ಸಾಕು, ನಾನು ಅರ್ಧವೇ ಹಾಕುವುದು. 0:52:34 ಇನ್ನೂ ಕಮ್ಮಿ: 10 ಗ್ರಾಂ ಕರಗಿಸಿ ಒಂದು ಲೀಟರ್ ಮಾಡಿ, ಅದರಲ್ಲಿ 10 ಮಿಲಿ. ಅಂದರೆ 0.1 ಗ್ರಾಂ. ಫಾಸ್ಫೇಟ್ ಲೀಟರಿಗೆ 1.4 ಮಿಲಿಗ್ರಾಂ ಬರುತ್ತದೆ. 19:19:19 ಮೂರು ಸಲ ಹಾಕಿದ್ದರಲ್ಲಿ ಇದರ ಇಪ್ಪತ್ತೇಳು ಪಟ್ಟು ಹೋಗಿರಬೇಕು, ಲೆಕ್ಕ ಹಾಕಿ ನೋಡಿದೆ.

ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ, ಆಮೇಲೆ ಗೊಬ್ಬರ ಹಾಕಿ. ಅಂದಾಜಿಗಿಂತ ಸ್ವಲ್ಪ ಜಾಸ್ತಿ ಬಿದ್ದರೂ ಮುಂದಿನ ವಾರ ಅರ್ಧ ಹೊರಗೆ ಹೋಗುತ್ತದೆ. ಎಸ್ಟಿಮೇಟಿವ್ ಇಂಡೆಕ್ಸ್ ಅಂತ ಇದಕ್ಕೆ ದೊಡ್ಡ ಹೆಸರಿದೆ, ವಿಷಯ ಇಷ್ಟೇ. ಕಬ್ಬಿಣ, ಮ್ಯಾಂಗನೀಸ್ ಮುಂತಾದ ಸಣ್ಣ ಪೋಷಕ ಬೇರೆ ಬೇಕು. ತೋಟಕ್ಕೆ ಮಾರುವ ಮೈಕ್ರೋ ಮಿಕ್ಸ್‌ನಲ್ಲಿ ತಾಮ್ರ ಇರುತ್ತದೆ, ಸೀಗಡಿ ಇದ್ದವರು ಹುಷಾರು. ನಾನು ಈ ಸಣ್ಣ ಪೋಷಕವನ್ನು ಮಾತ್ರ ಅಕ್ವೇರಿಯಂ ಅಂಗಡಿಯಿಂದ ಕೊಳ್ಳೋಣ ಅಂತ ಯೋಚಿಸಿ, ಕೊನೆಗೆ ಕೀಲೇಟೆಡ್ (ನೀರಲ್ಲಿ ಕರಗಿಯೇ ಉಳಿಯುವ) ಕಬ್ಬಿಣ ಒಂದನ್ನೇ ಗೊಬ್ಬರದ ಅಂಗಡಿಯಿಂದ ತಂದೆ. ಜಿಪುಣ ಅನ್ನಿ ಪರವಾಗಿಲ್ಲ.

ಕೊಪ್ಪದವರ ಸ್ವೋರ್ಡ್‌ನ ಹಳೆ ಎಲೆಯ ಸೂಜಿ ತೂತು ಪೊಟ್ಯಾಷ್ ಕೊರತೆ ಅಂತ ನನ್ನ ಅಂದಾಜು. 13:0:45 ಒಂದೇ ಸಾಕಾಗುತ್ತಿತ್ತು.

ಹೇಮಾವತಿ_ಹಿನ್ನೀರು
ಮಾರ್ಚ್ 14, ಸಂಜೆ 4:45

13:0:45 ಅಂದರೆ ನಮ್ಮ ಅಜ್ಜ ಹೇಳುತ್ತಿದ್ದ ಪೆಟ್ಲುಪ್ಪು ಅಲ್ವಾ? ಪಟಾಕಿ ಮದ್ದಿಗೆ ಹಾಕುತ್ತಿದ್ದದ್ದು. ಅಜ್ಜನ ಕಾಲದಲ್ಲಿ ಅದು ಜಾತ್ರೆ ಮದ್ದಿನವರ ಹತ್ತಿರ ಇರುತ್ತಿತ್ತು, ಈಗ ಮೀನಿನ ಮನೆಗೆ ಬಂದಿದೆ.

ಪಾಚಿ_ಪುರಾಣ
ಮಾರ್ಚ್ 14, ಸಂಜೆ 4:58

ಅದೇ! ಹಾಗಾಗಿ ಒಲೆ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮಳೆಗಾಲದಲ್ಲಿ ಗಟ್ಟಿಯಾಗುತ್ತದೆ, ಮುಚ್ಚಳ ಬಿಗಿ ಇರಲಿ.

ಅರಸೀಕೆರೆ_ತೆಂಗು
ಮಾರ್ಚ್ 14, ಸಂಜೆ 6:20

ಮನೆಯಲ್ಲಿ ಬರೀ ಯೂರಿಯಾ ಇದೆ. ಚಿಟಿಕೆಯಲ್ಲಿ ಚಿಟಿಕೆ ಹಾಕಿದರೆ?

ಮಣ್ಣು_ಮೇಡಂ
ಮಾರ್ಚ್ 14, ಸಂಜೆ 6:40

ಅಳೆದು ಮಿಲಿಗ್ರಾಂ ಲೆಕ್ಕದಲ್ಲಿ ಹಾಕುವವರು ಇದ್ದಾರೆ, ಗಿಡಕ್ಕೆ ಅಮೋನಿಯಂ ಬಲು ಇಷ್ಟ. ಆದರೆ ನಿಮ್ಮದು ಅರಸೀಕೆರೆ ಕಡೆಯ ಗಡಸು ಬೋರ್ ನೀರು. ಇಷ್ಟು ಓದಿದ ಮೇಲೂ ಕೇಳುತ್ತೀರಲ್ಲ ಸರ್! ಅಲ್ಲದೆ 2015ರಿಂದ ಇಲ್ಲಿ ತಯಾರಾಗುವ ಯೂರಿಯಾಗೆಲ್ಲ ಬೇವಿನ ಎಣ್ಣೆ ಸವರಿರುತ್ತದೆ. ನೀರಿಗೆ ಹಾಕಿದರೆ ಮೇಲೆ ಎಣ್ಣೆ ಪದರ ಬರಬಹುದು, ಬೇವು ಮೀನಿಗೆ ಒಳ್ಳೆಯದೂ ಅಲ್ಲ.

ಅರಸೀಕೆರೆ_ತೆಂಗು
ಮಾರ್ಚ್ 14, ಸಂಜೆ 6:44

ತೆಂಗಿಗೇ ಹಾಕುತ್ತೇನೆ ಬಿಡಿ.

ಹೇಮಾವತಿ_ಹಿನ್ನೀರು
ಮಾರ್ಚ್ 15, ಬೆಳಿಗ್ಗೆ 10:30

ಬೇರಿಗೆ ಹಾಕುವವರು ಯಾರೂ ಇಲ್ಲವಾ? ನಾನು ಕೆಮ್ಮಣ್ಣು ಕಲಸಿ ಗೋಲಿ ಗಾತ್ರದ ಉಂಡೆ ಮಾಡಿ, ನಡುವೆ ಎರಡು ಕಾಳು ಡಿಎಪಿ ಇಟ್ಟು ಒಣಗಿಸಿ ಮರಳಿನ ಅಡಿ ಹುಗಿದೆ. ಸ್ವೋರ್ಡ್ ಅಂಗೈಗಿಂತ ದೊಡ್ಡ ಎಲೆ ಬಿಟ್ಟಿತು. ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಆಮೇಲೆ ತಮ್ಮ ಎಲ್ಲಿಂದಲೋ ನಾಲ್ಕು ಕೋರಿ ಮೀನು ತಂದು ಬಿಟ್ಟ. ಅವು ಮೂತಿಯಲ್ಲಿ ಮರಳು ಕೆದಕುವ ಜಾತಿ. ಬೆಳಿಗ್ಗೆ ನೋಡಿದರೆ ಉಂಡೆ ಎಲ್ಲ ಮೇಲೆ, ನೀರು ಕೆಂಪು ಚಹಾ. ಮೂರು ದಿನ ಬಿಟ್ಟು ಗಾಜಿನ ತುಂಬ ಹಸಿರು ಪಾಚಿ.

ಮಣ್ಣು_ಮೇಡಂ
ಮಾರ್ಚ್ 15, ಬೆಳಿಗ್ಗೆ 11:15

ಉಂಡೆಯ ಉಪಾಯ ಕೆಟ್ಟದ್ದಲ್ಲ. ನಮ್ಮ ಮಲೆನಾಡಿನ ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಕಾಫಿ ತೋಟದಲ್ಲಿ ಹಾಕಿದ ರಂಜಕ ಗಿಡಕ್ಕೆ ಸರಿಯಾಗಿ ಸಿಗುವುದಿಲ್ಲ ಅನ್ನುವುದು ಇದಕ್ಕೇ. ತೋಟದಲ್ಲಿ ಅದು ತೊಂದರೆ, ಟ್ಯಾಂಕಲ್ಲಿ ಅದೇ ಅನುಕೂಲ. ಆದರೆ ಅಮೋನಿಯಂ ಹಿಡಿಯುವುದರಲ್ಲಿ ಕೆಂಪು ಮಣ್ಣು ಬಯಲುಸೀಮೆಯ ಕಪ್ಪು ಮಣ್ಣಿನಷ್ಟು ಗಟ್ಟಿಗ ಅಲ್ಲ. ಡಿಎಪಿಯ ಸಾರಜನಕ ಹೆಚ್ಚುಕಡಿಮೆ ಪೂರ್ತಿ ಅಮೋನಿಯಾ ರೂಪ. ಬದಲಿಗೆ ಏನೂ ಹಾಕದ ಬರೀ ಕೆಮ್ಮಣ್ಣಿನ ಉಂಡೆ ಹುಗಿದರೂ ಸ್ವೋರ್ಡ್‌ಗೆ ಕಬ್ಬಿಣ ಸಿಗುತ್ತದೆ.

ಗಪ್ಪಿ_ಗೌಡ್ರು
ಮಾರ್ಚ್ 15, ಮಧ್ಯಾಹ್ನ 2:00

ಈ ಲೆಕ್ಕದಲ್ಲಿ ನಮ್ಮ ಕೆರೆಗಳಲ್ಲಿ ಅಂತರಗಂಗೆ ಯಾಕೆ ಹಾಸಿಗೆ ಹಾಸಿದ ಹಾಗೆ ಬೆಳೆಯುತ್ತದೆ ಅಂತ ಗೊತ್ತಾಯಿತು. ಊರಿನ ಚರಂಡಿ, ಹೊಲದ ಗೊಬ್ಬರ ಎಲ್ಲ ಅಲ್ಲಿಗೇ. ಯಾರೋ ದಿನಾ ಅರ್ಧ ಚಮಚ ಹಾಕುತ್ತಿದ್ದಾರೆ.

ಯಗಚಿ_ದಂಡೆ
ಮಾರ್ಚ್ 15, ಮಧ್ಯಾಹ್ನ 2:20

ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕುವಾಗ ನನಗೆ ಇದೇ ಯೋಚನೆ. ಅಷ್ಟು ದೊಡ್ಡ ಮೀನು, ಅಷ್ಟು ಜನ ಹಾಕುವುದು. ಹರಿಯುವ ನೀರು, ತೊಳೆದುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಮೆಟ್ಟಿಲ ಹತ್ತಿರ ಕಲ್ಲಿನ ಮೇಲೆ ಪಾಚಿ ನೋಡಿ.

ಸಕಲೇಶಪುರ_ಮಳೆ
ಮಾರ್ಚ್ 15, ಮಧ್ಯಾಹ್ನ 2:31

ಅಲ್ಲಿನ ಮೀನಿಗೆ ಯಾರೂ ಏನೂ ಮಾಡುವುದಿಲ್ಲ. ನಮ್ಮ ಟ್ಯಾಂಕಿನವಕ್ಕೆ ಆ ಪುಣ್ಯ ಇಲ್ಲ.

ಕೊಪ್ಪದ_ಹುಡುಗ
ಏಪ್ರಿಲ್ 9, ರಾತ್ರಿ 9:10

ಒಂದು ತಿಂಗಳಾಯಿತು, ಕೇಳಿದವರಿಗೆ ಹೇಳುತ್ತೇನೆ.

ಟ್ಯಾಂಕಿನ ನೀರು ಪೂರ್ತಿ ತೆಗೆದೆ. ಗಿಡ ಹಾಗೇ ಬಿಟ್ಟು ಬೋರ್ ನೀರು ತುಂಬಿ, ಎರಡು ವಾರ ಮೀನಿಲ್ಲದೆ ಫಿಲ್ಟರ್ ಓಡಿಸಿದೆ. ಕಿಟ್ ವಾಪಸ್ ಕೊಡುವ ಮೊದಲು ಮೂರು ಸಲ ನೋಡಿದೆ, ಕೊನೆಯ ಸಲ ಹಳದಿ ಬಂತು, ಅಂದರೆ ಸೊನ್ನೆ. ಮೂರು ಗಪ್ಪಿ ವಾಪಸ್ ಬಂದಿವೆ. ಎರಡು ಹೆಣ್ಣು, ಒಂದು ಗಂಡು, ಈಗ ಎಣಿಸಲು ಆಗದಷ್ಟು ಮರಿ. ಟೆಟ್ರಾ ಈ ನೀರಿಗೆ ತರುವುದಿಲ್ಲ.

13:0:45 ಶನಿವಾರ 5 ಮಿಲಿ, ಪಾಚಿ ಅವರು ಹೇಳಿದ ಅರ್ಧ. ಸ್ವೋರ್ಡ್‌ನ ಹೊಸ ಎಲೆಯಲ್ಲಿ ತೂತಿಲ್ಲ. ಹಳೆ ಎಲೆ ಸರಿಯಾಗುವುದಿಲ್ಲ, ಕತ್ತರಿಸಿದೆ. ಹೈಡ್ರಿಲ್ಲಾ ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯುತ್ತಿದೆ.

ಮೊನ್ನೆ ಬ್ಲಾಸಮ್ ಮಳೆ (ಕಾಫಿ ಹೂ ಅರಳಿಸುವ ಮಳೆ) ಚೆನ್ನಾಗಿ ಬಂತು. ಅಬ್ಬಿಯಲ್ಲಿ ಮತ್ತೆ ಬೆರಳು ದಪ್ಪ ನೀರು. ಅಪ್ಪ ಅದನ್ನೇ ಟ್ಯಾಂಕಿಗೆ ಹಾಕು ಅಂತಾರೆ, ನಾನು ಬೋರ್ ನೀರಲ್ಲೇ ಇರಲಿ ಅಂತೀನಿ. ಮನೆಯಲ್ಲಿ ಮತ್ತೆ ಅದೇ ಜಗಳ, ಪಾರ್ಟಿ ಮಾತ್ರ ಬದಲಾಗಿದೆ.

ಮಣ್ಣು_ಮೇಡಂ
ಏಪ್ರಿಲ್ 9, ರಾತ್ರಿ 9:26

ಬದಲಿಸುವುದಾದರೆ ವಾರಕ್ಕೆ ಒಂದು ಚೊಂಬು. ಒಂದೇ ಸಲ ಅರ್ಧ ಬೇಡ. ಗಪ್ಪಿ ಇರುವವರೆಗೆ ಬೋರ್ ನೀರೇ ಒಳ್ಳೆಯದು, ಈ ಸಲ ನೀವು ಗೆದ್ದಿರಿ.

ಅಂದ ಹಾಗೆ ಅಂಥೂರಿಯಂ ಏನಾಯಿತು? ಆ ಬಕೆಟ್ ನೀರು ಕುಡಿದದ್ದು?

ಕೊಪ್ಪದ_ಹುಡುಗ
ಏಪ್ರಿಲ್ 9, ರಾತ್ರಿ 9:31

ಏಳು ಹೂ ಬಿಟ್ಟಿದೆ ಮೇಡಂ. ಅಮ್ಮ ಇನ್ನೊಂದು ಬಕೆಟ್ ಅಂಥದ್ದೇ ನೀರು ಮಾಡಿಕೊಡು ಅಂತ ಕೇಳುತ್ತಿದ್ದಾರೆ.

ಗಪ್ಪಿ_ಗೌಡ್ರು
ಏಪ್ರಿಲ್ 9, ರಾತ್ರಿ 9:33

ಫೋಟೋ ಹಾಕಿ.